ಅದಿರು ಹೋಯಿತು, ಮಣ್ಣು ಯಾರದು?

ಕೋಲಾರದ ಚಿನ್ನದ ಗಣಿಗೆ ಬೀಗ ಬಿದ್ದದ್ದು 2001ರ ಫೆಬ್ರುವರಿ 28ರಂದು. ಗಣಿ ನಿಲ್ಲಿಸುವ ಮೊದಲು ಅದನ್ನು ಮುಚ್ಚುವ ಯೋಜನೆ ಸಲ್ಲಿಸಬೇಕು, ಕೆದಕಿದ ನೆಲವನ್ನು ಸರಿಪಡಿಸುವ ಖಾತರಿಗೆ ಠೇವಣಿ ಇಡಬೇಕು ಎಂಬ ನಿಯಮ ದೇಶದಲ್ಲಿ ಬಂದದ್ದು 2003ರ ಏಪ್ರಿಲ್‌ನಲ್ಲಿ. 1880ರಿಂದ ನೂರಿಪ್ಪತ್ತು ವರ್ಷ ನಡೆದ ಗಣಿಯೊಂದು ಎರಡು ವರ್ಷದ ಅಂತರದಲ್ಲಿ ಕಾನೂನಿನ ಕೈತಪ್ಪಿತು. ಕಂಪನಿ ಹೋಯಿತು, ಕೆಲಸ ಹೋಯಿತು, ಊರು ಉಳಿಯಿತು. ಊರಿನ ಜತೆಗೆ ಸೈನೈಡ್ ದಿಬ್ಬಗಳೂ ಉಳಿದವು.

ಈ ದಿಬ್ಬಗಳನ್ನು ಸಿನಿಮಾದಲ್ಲಿ ನೋಡಿದವರು ಬಹಳ ಜನ. ಪಕ್ಕದಲ್ಲಿ ಬದುಕುವವರ ಕಷ್ಟ ಬೇರೆ. ಗಣಿಯ ಊರಾದ ಕೆಜಿಎಫ್‌ನಲ್ಲಿ ಒಟ್ಟು 13 ದಿಬ್ಬಗಳಿವೆ, ಹರಡಿಕೊಂಡಿರುವುದು ಸುಮಾರು ಸಾವಿರ ಎಕರೆಯಲ್ಲಿ, ರಾಶಿಯ ತೂಕ ಸುಮಾರು 3.3 ಕೋಟಿ ಟನ್. ಇಷ್ಟು ರಾಶಿ ಯಾಕೆ ಬಿದ್ದಿತು ಎಂಬುದಕ್ಕೆ ಉತ್ತರ ಸರಳ. ಒಂದು ಟನ್ ಕಲ್ಲಿನಲ್ಲಿ ಚಿನ್ನವಿರುವುದು ಕೆಲವೇ ಗ್ರಾಂ, ಉಳಿದದ್ದೆಲ್ಲ ತ್ಯಾಜ್ಯವೇ. ಸೈನೈಡ್ ದ್ರಾವಣ ಚಿನ್ನವನ್ನು ಕರಗಿಸಿಕೊಳ್ಳಬೇಕಾದರೆ ಕಲ್ಲನ್ನು ಹಿಟ್ಟಿನಷ್ಟು ನುಣ್ಣಗೆ ಅರೆಯಬೇಕು. ಹಾಗೆ ಅರೆದದ್ದರಿಂದಲೇ ಅದು ಗಾಳಿಗೆ ಏಳುತ್ತದೆ. ಸೈನೈಡ್ ಬಿಸಿಲಿಗೆ ಬಹುಮಟ್ಟಿಗೆ ಒಡೆದುಹೋಗುತ್ತದೆ, ಆದರೆ ಸಿಲಿಕಾ ಧೂಳು ಹೋಗುವುದಿಲ್ಲ, ಲೋಹಗಳೂ ಹೋಗುವುದಿಲ್ಲ. ಗಾಳಿ ಬೀಸುವ ತಿಂಗಳುಗಳಲ್ಲಿ ದಿಬ್ಬದ ಕೆಳಗಿನ ಮನೆಗಳವರು ಕಿಟಕಿ ಮುಚ್ಚಿಕೊಂಡೇ ಇರಬೇಕಾಗುತ್ತದೆ. ಒಣಗಲು ಹಾಕಿದ ಬಟ್ಟೆಯ ಮೇಲೆ, ಮುಚ್ಚಳವಿಲ್ಲದ ನೀರಿನ ಮೇಲೆ ಬೂದುಬಣ್ಣದ ಪದರ ಕೂರುತ್ತದೆ. ಮಳೆ ಬಂದರೆ ದಿಬ್ಬದ ಮೈಯಲ್ಲಿ ಕೊರಕಲು ಬಿದ್ದು ಅದೇ ಪುಡಿ ತಗ್ಗಿಗೆ ಹರಿಯುತ್ತದೆ.

2024ರ ಜೂನ್‌ನಲ್ಲಿ ಈ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಚಿನ್ನದ ಬೆಲೆ ಏರಿದೆ, ದಿಬ್ಬದ ಪುಡಿಯಲ್ಲಿ ಇನ್ನೂ ಸ್ವಲ್ಪ ಚಿನ್ನ ಉಳಿದಿದೆ. ಆದ್ದರಿಂದ ಎರಡು ದಶಕ ಯಾರ ಕಣ್ಣಿಗೂ ಬೀಳದ ಕಸ ಈಗ ಸಂಪತ್ತಾಗಿ ಕಾಣುತ್ತಿದೆ. ಇದನ್ನು ನಾನು ವಿರೋಧಿಸುವುದಿಲ್ಲ. ದಿಬ್ಬವನ್ನು ತೆರವು ಮಾಡಲು ಅದೂ ಒಂದು ದಾರಿ. ಆದರೆ ಚಿನ್ನ ತೆಗೆದ ಮೇಲೂ 3.3 ಕೋಟಿ ಟನ್‌ನಲ್ಲಿ ಹೆಚ್ಚುಕಡಿಮೆ ಅಷ್ಟೂ ಪುಡಿ ಅಲ್ಲೇ ಇರುತ್ತದೆ. ಅದು ಎಲ್ಲಿಗೆ ಹೋಗುತ್ತದೆ, ಯಾವ ತಳಹಾಸಿನ ಮೇಲೆ ಕೂರುತ್ತದೆ, ಅದರ ಮೇಲೆ ಎಷ್ಟು ಮಣ್ಣು ಬೀಳುತ್ತದೆ, ಇಪ್ಪತ್ತು ವರ್ಷ ಅದನ್ನು ಕಾಯುವವರು ಯಾರು ಎಂಬುದು ಟೆಂಡರಿನಲ್ಲೇ ಬರೆದಿರಬೇಕು. ಬೆಲೆ ಇದ್ದಾಗ ಮಾತ್ರ ದಿಬ್ಬಕ್ಕೆ ಒಡೆಯನಿರುತ್ತಾನೆ. ಗಣಿ ತ್ಯಾಜ್ಯದ ಇಡೀ ಕಥೆಯಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿ ಇದೇ.

ಗಣಿಯೊಂದರ ಮೇಲೆ ಕಣ್ಣಿಡಬೇಕಾದ ಕಚೇರಿಗಳು ಕಡಿಮೆಯಿಲ್ಲ. ಗಣಿ ಯೋಜನೆ ಮತ್ತು ಮುಚ್ಚುವಿಕೆ ಯೋಜನೆಗೆ ಒಪ್ಪಿಗೆ ಕೊಡುವುದು ಭಾರತೀಯ ಗಣಿ ಬ್ಯೂರೊ. ನಾಗಪುರದಲ್ಲಿ ಕೇಂದ್ರ ಕಚೇರಿ, ಬೆಂಗಳೂರಿನಲ್ಲಿ ಪ್ರಾದೇಶಿಕ ಕಚೇರಿ. ಗುತ್ತಿಗೆ ಕೊಡುವುದು, ರಾಜಧನ ವಸೂಲು ಮಾಡುವುದು, ಸಾಗಣೆ ಪರ್ಮಿಟ್ ಕೊಡುವುದು ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ. ಕಾರ್ಮಿಕರ ಸುರಕ್ಷತೆ ಧನ್‌ಬಾದ್‌ನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯಕ್ಕೆ ಸೇರಿದ್ದು. ಪರಿಸರ ಅನುಮತಿ ಒಂದು ಕಡೆಯಿಂದ, ಅರಣ್ಯ ಅನುಮತಿ ಇನ್ನೊಂದು ಕಡೆಯಿಂದ. ನೀರು ಮತ್ತು ಗಾಳಿಯ ಸಮ್ಮತಿ ಪತ್ರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ. ಪ್ರತಿಯೊಬ್ಬರ ಕೈಯಲ್ಲೂ ಒಂದು ತುಂಡು ಇದೆ. ದಿಬ್ಬವೊಂದು ಜಾರಿ ಹಳ್ಳಕ್ಕೆ ಬಿದ್ದರೆ ಅದು ಯಾರ ಫೈಲು? ಇಳಿಜಾರು ಸರಿಯಿಲ್ಲದ್ದು ಬ್ಯೂರೊಗೆ, ಹಳ್ಳ ಕೆಂಪಾದದ್ದು ಮಂಡಳಿಗೆ, ಹಳ್ಳದ ದಂಡೆ ಅರಣ್ಯವಾಗಿದ್ದರೆ ಅರಣ್ಯ ಇಲಾಖೆಗೆ, ಹೂಳು ತುಂಬಿದ ಕೆರೆ ಸಣ್ಣ ನೀರಾವರಿಗೆ. ರೈತ ಅರ್ಜಿ ಹಿಡಿದು ನಾಲ್ಕೂ ಕಡೆ ಅಲೆಯುತ್ತಾನೆ.

ನಿಯಮಗಳಲ್ಲಿ ದೊಡ್ಡ ಕೊರತೆ ಇದೆ ಎಂದು ಹೇಳಲಾರೆ. 1988ರ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳಿಗೆ 2003ರಲ್ಲಿ ತಿದ್ದುಪಡಿಯಾಯಿತು, 2017ರಲ್ಲಿ ಹೊಸ ನಿಯಮಗಳೇ ಬಂದವು. ಮೇಲ್ಮಣ್ಣನ್ನು ಬೇರೆಯಾಗಿ ತೆಗೆದು ಇಡಬೇಕು, ಅದನ್ನು ಮತ್ತೆ ನೆಲಕ್ಕೆ ಹಾಸಬೇಕು. ತ್ಯಾಜ್ಯದ ದಿಬ್ಬವನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಬೇಕು. ಕಡಿಮೆ ದರ್ಜೆಯ ಅದಿರನ್ನು ತ್ಯಾಜ್ಯದ ಜತೆ ಬೆರೆಸದೆ ಪ್ರತ್ಯೇಕ ರಾಶಿ ಹಾಕಬೇಕು. ಗಣಿ ನಡೆಯುತ್ತಿರುವಾಗಲೇ ಹಂತ ಹಂತವಾಗಿ ನೆಲ ಸರಿಪಡಿಸುತ್ತ ಹೋಗಬೇಕು. ಕೊನೆಗೆ ಮುಚ್ಚುವ ಎರಡು ವರ್ಷ ಮೊದಲೇ ಅಂತಿಮ ಯೋಜನೆ ಸಲ್ಲಿಸಬೇಕು. ಇವೆಲ್ಲ ಒಳ್ಳೆಯ ನಿಯಮಗಳು. ಬರೆದವರಿಗೆ ಗಣಿಯ ಅನುಭವವಿತ್ತು ಎಂಬುದು ಓದಿದರೆ ತಿಳಿಯುತ್ತದೆ.

ದುಡ್ಡಿನ ಲೆಕ್ಕಕ್ಕೆ ಬಂದಾಗ ನಿಯಮ ಸೋಲುತ್ತದೆ. 2003ರಲ್ಲಿ ಯಂತ್ರ ಬಳಸುವ ದೊಡ್ಡ ಗಣಿಗೆ ಗೊತ್ತುಮಾಡಿದ ಆರ್ಥಿಕ ಭದ್ರತೆ ಹೆಕ್ಟೇರಿಗೆ 25 ಸಾವಿರ ರೂಪಾಯಿ. 2017ರಲ್ಲಿ ಅದು 3 ಲಕ್ಷವಾಯಿತು, 2021ರಲ್ಲಿ 5 ಲಕ್ಷ. ನೂರು ಹೆಕ್ಟೇರ್ ಕೆದಕಿದ ಗಣಿಗೆ ಈಗಿನ ದರದಲ್ಲಿ 5 ಕೋಟಿ. ನೂರು ಹೆಕ್ಟೇರಿನ ಗುಂಡಿ, ಅದರ ಪಕ್ಕ ಗುಡ್ಡದಷ್ಟೇ ಎತ್ತರದ ದಿಬ್ಬ, ಅವುಗಳಿಗೆ ತಡೆಗೋಡೆ, ಚರಂಡಿ, ಮಣ್ಣು, ಗಿಡ, ಗಿಡಕ್ಕೆ ಮೂರು ಬೇಸಿಗೆ ನೀರು. ಇವೆಲ್ಲಕ್ಕೂ ಆ ದುಡ್ಡು ಸಾಲದು ಎಂಬುದನ್ನು ಹೇಳಲು ಎಂಜಿನಿಯರೇ ಬೇಕಿಲ್ಲ. ಹೋಲಿಕೆಗೆ ಒಂದು ಅಂಕಿ ಕೊಡುತ್ತೇನೆ. 2013ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳ ವಿಷಯದಲ್ಲಿ ಗುತ್ತಿಗೆಯ ಗಡಿ ದಾಟಿ ತ್ಯಾಜ್ಯ ಸುರಿದ ಪ್ರತಿ ಹೆಕ್ಟೇರಿಗೆ 1 ಕೋಟಿ, ಗಡಿ ದಾಟಿ ಗುಂಡಿ ತೋಡಿದ ಪ್ರತಿ ಹೆಕ್ಟೇರಿಗೆ 5 ಕೋಟಿ ರೂಪಾಯಿ ಪರಿಹಾರ ವಿಧಿಸಿತು. ಅದು ಅಕ್ರಮಕ್ಕೆ ಹಾಕಿದ ದರ, ನೆಲ ಸರಿಪಡಿಸುವ ವೆಚ್ಚದ ಲೆಕ್ಕ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು, ಒಪ್ಪುತ್ತೇನೆ. ಆದರೂ ನೆಲಕ್ಕಾದ ಹಾನಿಯ ಗಾತ್ರವನ್ನು ಕಣ್ಣಾರೆ ಅಳೆಸಿ ನೋಡಿದ ನ್ಯಾಯಾಲಯದ ಮನಸ್ಸಿನಲ್ಲಿದ್ದ ಬೆಲೆಗೂ ನಿಯಮದ ಪುಸ್ತಕದಲ್ಲಿರುವ ಬೆಲೆಗೂ ಕನಿಷ್ಠ ಇಪ್ಪತ್ತು ಪಟ್ಟು ಅಂತರವಿದೆ. ಠೇವಣಿ ಕಳೆದುಕೊಳ್ಳುವುದೇ ಅಗ್ಗ ಎಂದಾದರೆ ಕಳೆದುಕೊಳ್ಳುವವರೇ ಹೆಚ್ಚು.

ಬಳ್ಳಾರಿಯ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಇಡೀ ದೇಶದಲ್ಲಿ ಗಣಿ ಪುನಶ್ಚೇತನ ಕಾಗದ ಬಿಟ್ಟು ನೆಲಕ್ಕೆ ಇಳಿದ ಅಪರೂಪದ ಜಾಗ ಅದು.

ಸಂಡೂರು, ಹೊಸಪೇಟೆಯ ಗುಡ್ಡಗಳಲ್ಲಿ ಗಣಿಗಾರಿಕೆ ಹಳೆಯದು. ಆದರೆ 2003ರ ನಂತರ ಚೀನಾದ ಬೇಡಿಕೆ ಬಂದಾಗ ಎಲ್ಲವೂ ಬದಲಾಯಿತು. ಅಲ್ಲಿಯವರೆಗೆ ಬೆಲೆಯಿಲ್ಲದೆ ಬದಿಗೆ ಸುರಿದಿದ್ದ ಪುಡಿ ಅದಿರಿಗೂ ಕೊಳ್ಳುವವರು ಬಂದರು. ಹಳೆಯ ದಿಬ್ಬಗಳನ್ನು ಬಗೆದು ಲಾರಿಗೆ ತುಂಬಿದರು. ಹೊಸ ಅದಿರಿಗಾಗಿ ತೆಗೆದ ಮಣ್ಣನ್ನು ಹತ್ತಿರದ ಇಳಿಜಾರಿಗೆ, ಕಾಡಿಗೆ, ಹಳ್ಳದ ತಲೆಗೆ ನೂಕಿದರು. ಅದಿರಿನ ಮೇಲೆ ಕೂತಿರುವ ಈ ನಿರುಪಯೋಗಿ ಮಣ್ಣುಕಲ್ಲಿಗೆ ಗಣಿಯವರು ಓವರ್‌ಬರ್ಡನ್ ಎನ್ನುತ್ತಾರೆ. ಅದನ್ನು ದೂರ ಸಾಗಿಸಿದರೆ ಡೀಸೆಲ್ ಖರ್ಚು, ಗುತ್ತಿಗೆಯೊಳಗೇ ಇಟ್ಟರೆ ಜಾಗದ ಖರ್ಚು. ಗಡಿಯಾಚೆಗೆ ನೂಕಿದರೆ ಎರಡೂ ಇಲ್ಲ. ಮುಂಗಾರಿನಲ್ಲಿ ಅದೇ ಮಣ್ಣು ನಾರಿಹಳ್ಳಕ್ಕೆ ಇಳಿದು, ತಾರಾನಗರದ ಜಲಾಶಯಕ್ಕೆ ಹೂಳಾಗಿ, ಕೆಳಗೆ ತುಂಗಭದ್ರೆಯ ಕಡೆಗೆ ಸಾಗುತ್ತಿತ್ತು. ತುಂಗಭದ್ರಾ ಜಲಾಶಯದ ಹೂಳಿಗೆಲ್ಲ ಗಣಿಯೇ ಕಾರಣ ಎನ್ನುವುದು ಸರಿಯಲ್ಲ. ಬಹುಪಾಲು ಹೂಳು ಮೇಲಿನ ದೊಡ್ಡ ಜಲಾನಯನದ ಹೊಲಗಳಿಂದ ಬಂದದ್ದು. ಆದರೆ ಗುಡ್ಡದ ಬುಡದ ಚಿಕ್ಕ ಕೆರೆಗಳಿಗೆ, ಹಳ್ಳದ ಪಕ್ಕದ ಹೊಲಗಳಿಗೆ ಬಂದ ಕೆಂಪು ಕೆಸರಿಗೆ ಬೇರೆ ಯಾರೂ ಕಾರಣರಲ್ಲ.

ಈ ವರ್ಷಗಳುದ್ದಕ್ಕೂ ಬ್ಯೂರೊ ಇತ್ತು, ಮಂಡಳಿ ಇತ್ತು, ಇಲಾಖೆಗಳಿದ್ದವು. ಮುಚ್ಚುವಿಕೆ ಯೋಜನೆಗಳಿಗೆ ಒಪ್ಪಿಗೆಯೂ ಸಿಕ್ಕಿತ್ತು. ಲೋಕಾಯುಕ್ತ ನ್ಯಾಯಮೂರ್ತಿ ಎನ್.ಸಂತೋಷ್ ಹೆಗ್ಡೆ ಅವರ 2008ರ ಮತ್ತು 2011ರ ವರದಿಗಳು, ಅರಣ್ಯಾಧಿಕಾರಿ ಯು.ವಿ.ಸಿಂಗ್ ಅವರ ತಂಡ ಹಳ್ಳ ಗುಡ್ಡ ಸುತ್ತಿ ಕಲೆಹಾಕಿದ ವಿವರಗಳು ಬಂದ ಮೇಲಷ್ಟೇ ಕಾಗದಕ್ಕೂ ಗುಡ್ಡಕ್ಕೂ ಇದ್ದ ಅಂತರ ಬಯಲಾಯಿತು. ಎಸ್.ಆರ್.ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರಿಗೂ ಅದು ಅನ್ವಯವಾಯಿತು.

ನಂತರ ನಡೆದದ್ದನ್ನು ಸುದ್ದಿಮನೆಗಳು ರಾಜಕೀಯದ ಗದ್ದಲದಲ್ಲಿ ಮರೆತವು. 166 ಗುತ್ತಿಗೆಗಳ ಗಡಿಯನ್ನು ಮತ್ತೆ ಅಳೆಸಲಾಯಿತು. ಗಡಿಯಾಚೆ ತೋಡಿದ ಗುಂಡಿ ಎಷ್ಟು, ಗಡಿಯಾಚೆ ಸುರಿದ ಮಣ್ಣು ಎಷ್ಟು ಎಂಬ ಶೇಕಡಾ ಲೆಕ್ಕದ ಮೇಲೆ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಗುಂಡಿ ಶೇ 10 ದಾಟಿದ್ದರೆ ಅಥವಾ ದಿಬ್ಬ ಶೇ 15 ದಾಟಿದ್ದರೆ ಸಿ ದರ್ಜೆ, ಗುತ್ತಿಗೆಯೇ ರದ್ದು. ಹಾಗೆ ಸುಮಾರು ಐವತ್ತು ಗುತ್ತಿಗೆಗಳು 2013ರ ಏಪ್ರಿಲ್ 18ರ ತೀರ್ಪಿನಲ್ಲಿ ರದ್ದಾದವು. ಕಸ ಎಲ್ಲಿ ಸುರಿದೆ ಎಂಬ ಪ್ರಶ್ನೆ ಗಣಿಯ ಅಳಿವು ಉಳಿವನ್ನು ತೀರ್ಮಾನಿಸಿದ್ದು ನನಗೆ ತಿಳಿದ ಮಟ್ಟಿಗೆ ಅದೇ ಮೊದಲು.

ಉಳಿದ ಗಣಿಗಳಿಗೆ ಒಂದೊಂದಕ್ಕೂ ಪುನಶ್ಚೇತನ ಯೋಜನೆ ಸಿದ್ಧವಾಯಿತು. ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಮಂಡಳಿ ಅದರ ಹೊಣೆ ಹೊತ್ತಿತು, ಸುಪ್ರೀಂ ಕೋರ್ಟಿನ ಕೇಂದ್ರೀಯ ಉನ್ನತಾಧಿಕಾರ ಸಮಿತಿ ಒಪ್ಪಿಗೆ ಕೊಟ್ಟಿತು. ಈ ಯೋಜನೆಗಳಲ್ಲಿ ನಾನು ಎಲ್ಲಕ್ಕಿಂತ ಮೆಚ್ಚುವ ಅಂಶ ಉತ್ಪಾದನೆಯ ಮಿತಿಯದು. ಒಂದು ಗಣಿ ವರ್ಷಕ್ಕೆ ಎಷ್ಟು ಅದಿರು ತೆಗೆಯಬಹುದು ಎಂಬುದನ್ನು ನೆಲದಲ್ಲಿ ಎಷ್ಟು ಅದಿರಿದೆ ಎಂಬುದರಿಂದ ಮಾತ್ರ ನಿರ್ಧರಿಸಲಿಲ್ಲ. ತ್ಯಾಜ್ಯ ಹಾಕಲು ಗುತ್ತಿಗೆಯೊಳಗೆ ಎಷ್ಟು ಜಾಗವಿದೆ, ಅದಿರು ಸಾಗಿಸುವ ರಸ್ತೆಗೆ ಎಷ್ಟು ತಾಳಿಕೆಯಿದೆ ಎಂಬುದನ್ನೂ ಹಿಡಿದರು. ಕಸಕ್ಕೆ ಜಾಗವಿಲ್ಲದಿದ್ದರೆ ಅದಿರೂ ಇಲ್ಲ. ಇಷ್ಟು ಸಾಮಾನ್ಯ ವಿವೇಕದ ಮಾತು ನಿಯಮದ ಪುಸ್ತಕಕ್ಕೆ ಐವತ್ತು ವರ್ಷ ಹೊಳೆದಿರಲಿಲ್ಲ.

ಇಂದು ಸಂಡೂರಿನ ಗಣಿಯೊಂದರ ದಿಬ್ಬದ ಬುಡದಲ್ಲಿ ನಿಂತರೆ ಕೆಲಸ ಕಣ್ಣಿಗೆ ಕಾಣುತ್ತದೆ. ಬುಡಕ್ಕೆ ಕಾಡುಗಲ್ಲಿನ ತಡೆಗೋಡೆ. ಅದರ ಒಳಮಗ್ಗುಲಿಗೆ ದಿಬ್ಬವನ್ನು ಸುತ್ತುವರಿದ ಚರಂಡಿ. ಚರಂಡಿಯ ನೀರು ಇಳಿಯುವಲ್ಲಿ ಕೆಸರು ತಂಗುವ ಹೊಂಡ. ಹೊಂಡದ ಕೆಳಗಿನ ಹಳ್ಳಕ್ಕೆ ತಂತಿಬಲೆಯಲ್ಲಿ ಕಲ್ಲು ತುಂಬಿ ಕಟ್ಟಿದ ಚೆಕ್‌ಡ್ಯಾಂಗಳ ಸಾಲು. ದಿಬ್ಬದ ಮೈಯನ್ನು ಮೆಟ್ಟಿಲಾಗಿ ಕಡಿದು ತೆಂಗಿನ ನಾರಿನ ಚಾಪೆ ಹೊದಿಸಿ ಮೊಳೆ ಹೊಡೆದಿರುತ್ತಾರೆ, ಚಾಪೆಯ ಕಣ್ಣುಗಳಲ್ಲಿ ಹುಲ್ಲು, ಕತ್ತಾಳೆ, ಹೊಂಗೆಯ ಸಸಿ. ನಾರು ಕೆಲವು ವರ್ಷಕ್ಕೆ ಕೊಳೆತುಹೋಗುತ್ತದೆ, ಅಷ್ಟರಲ್ಲಿ ಬೇರು ಹಿಡಿದಿರಬೇಕು. ಹಿಡಿಯದ ಕಡೆ ಮೊದಲ ದೊಡ್ಡ ಮಳೆಗೇ ಚಾಪೆ ಸಮೇತ ಮಣ್ಣು ಜಾರುತ್ತದೆ. ಹೊಂಡದ ಹೂಳನ್ನು ಮಳೆಗಾಲಕ್ಕೆ ಮೊದಲು ತೆಗೆಯದಿದ್ದರೆ ಆ ಹೊಂಡ ಇದ್ದೂ ಇಲ್ಲದಂತೆ. ಅಂದರೆ ಇದು ಒಮ್ಮೆ ಕಟ್ಟಿ ಫೋಟೊ ತೆಗೆಸಿ ಮುಗಿಸುವ ಕೆಲಸವಲ್ಲ. ಪ್ರತಿ ಮೇ ತಿಂಗಳಲ್ಲಿ ಯಾರೋ ಬಂದು ನೋಡಬೇಕು, ಹೂಳು ತೆಗೆಸಬೇಕು.

ಗಣಿಯವರು ಬಂದು ನೋಡುವುದೇಕೆಂದರೆ, ಕೆಲಸ ಆಗದಿದ್ದರೆ ಅದಿರು ಸಾಗಿಸುವ ಪರ್ಮಿಟ್ ನಿಲ್ಲುತ್ತದೆ ಎಂಬ ಭಯವಿದೆ. ಬಳ್ಳಾರಿಯ ಪಾಠವನ್ನು ನಾನು ಓದಿಕೊಳ್ಳುವುದು ಹೀಗೆ: ಗಣಿ ಧಣಿಯ ಮೇಲೆ ಸರ್ಕಾರಕ್ಕೆ ಹಿಡಿತವಿರುವುದು ಲಾರಿ ಗೇಟಿನೊಳಗಿರುವಷ್ಟು ಹೊತ್ತು. ಲಾರಿ ಹೊರಟ ಮೇಲೆ, ಗುತ್ತಿಗೆ ಮುಗಿದ ಮೇಲೆ ಕೈಯಲ್ಲಿ ಉಳಿಯುವುದು ನೋಟಿಸು ಮಾತ್ರ. ಆದ್ದರಿಂದ ಮಣ್ಣಿನ ಲೆಕ್ಕ ಅದಿರಿನ ಲೆಕ್ಕದ ಜತೆಗೇ ವರ್ಷವರ್ಷ ಚುಕ್ತಾ ಆಗಬೇಕು. ಕೊನೆಗೆ ಒಟ್ಟಿಗೆ ಮಾಡಿದರಾಯಿತು ಎಂದ ಕಡೆಯಲ್ಲೆಲ್ಲ ಆ ಕೊನೆ ಬಂದಿಲ್ಲ.

ಬಳ್ಳಾರಿಯಲ್ಲೂ ಆತಂಕವಿಲ್ಲವೆಂದಲ್ಲ. 2013ರಲ್ಲಿ ಮೂರು ಜಿಲ್ಲೆಗಳಿಗೆ ವರ್ಷಕ್ಕೆ 3 ಕೋಟಿ ಟನ್ ಎಂದಿದ್ದ ಒಟ್ಟು ಮಿತಿ 2017ರಲ್ಲಿ 3.5 ಕೋಟಿ, 2022ರಲ್ಲಿ 5 ಕೋಟಿ ಟನ್ನಿಗೆ ಏರಿತು. ಅದಿರು ಹೆಚ್ಚಾದಂತೆ ಮೇಲಿನ ಮಣ್ಣೂ ಹೆಚ್ಚು ಏಳುತ್ತದೆ; ಇಡಲು ಗುಡ್ಡಗಳಲ್ಲಿ ಜಾಗ ಮಾತ್ರ ಹೆಚ್ಚಾಗಿಲ್ಲ. ಇನ್ನು ಹಣ. ದಂಡ, ಪರಿಹಾರ, ಅದಿರು ಹರಾಜಿನ ಪಾಲು ಎಲ್ಲ ಸೇರಿಸಿ ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದೇ 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಹುಟ್ಟಿತು. ಯೋಜನೆಯ ಗಾತ್ರ ಸುಮಾರು 25 ಸಾವಿರ ಕೋಟಿ ರೂಪಾಯಿ. ಹಣ ಬ್ಯಾಂಕಿನಲ್ಲಿ ಬೆಳೆಯುತ್ತ ಹೋಯಿತು, ಕೆಲಸ ಆರಂಭವಾಗಲು ವರ್ಷಗಳೇ ಹಿಡಿದವು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಬಿ.ಸುದರ್ಶನ ರೆಡ್ಡಿ ಅವರನ್ನು ಮೇಲುಸ್ತುವಾರಿಗೆ ನೇಮಿಸಿದ ನಂತರ ಫೈಲುಗಳು ಅಲುಗಾಡಿದವು. ಯೋಜನೆಯಲ್ಲಿ ರಸ್ತೆ, ರೈಲು ಮಾರ್ಗ, ಆಸ್ಪತ್ರೆ, ಕುಡಿಯುವ ನೀರು ಎಲ್ಲವೂ ಇವೆ. ಧೂಳು ಕುಡಿದ ಜನಕ್ಕೆ ಆಸ್ಪತ್ರೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸರ್ಕಾರ ತನ್ನ ಬಜೆಟ್ಟಿನಲ್ಲೇ ಕೊಡಬೇಕಾದ ಕಟ್ಟಡಗಳಿಗೆ ಈ ಹಣ ಹೋದರೆ, ಗುಡ್ಡಕ್ಕೆ ಹಳ್ಳಕ್ಕೆ ಮತ್ತೆ ಹಣ ಹುಟ್ಟುವುದಿಲ್ಲ. ಇದು ಒಮ್ಮೆ ಮಾತ್ರ ಸಿಕ್ಕುವ ದುಡ್ಡು. ಮೊದಲ ಹಕ್ಕು ಗುಡ್ಡಕ್ಕೆ ಸೇರಬೇಕು.

ಬಳ್ಳಾರಿಯದು ಒಣ ದಿಬ್ಬದ ಸಮಸ್ಯೆ. ಕುದುರೆಮುಖದ್ದು ಒದ್ದೆ ಕೆಸರಿನದು. ಅಲ್ಲಿಯ ಮ್ಯಾಗ್ನೆಟೈಟ್ ಬಡ ಅದಿರು. ಅಗೆದದ್ದರಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಸಾರವಾಗಿ ಕೊಳವೆಯಲ್ಲಿ ಮಂಗಳೂರಿಗೆ ಇಳಿಯುತ್ತಿತ್ತು. ಉಳಿದದ್ದು ನೀರಿನೊಂದಿಗೆ ಲಕ್ಯಾ ಹೊಳೆಗೆ ಕಟ್ಟಿದ ಅಣೆಕಟ್ಟಿನ ಹಿಂದೆ ಸೇರುತ್ತಿತ್ತು. ಸುಮಾರು ನೂರು ಮೀಟರ್ ಎತ್ತರದ ಆ ಮಣ್ಣಿನ ಕಟ್ಟೆಯ ಹಿಂದೆ ಇರುವುದು ಎರಡು ದಶಕಕ್ಕೂ ಮೀರಿ ಅರೆದ ಬೆಟ್ಟ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಹತ್ತಿರ ಮಳೆ ಸುರಿಯುವ ಜಾಗದಲ್ಲಿ, ಭದ್ರೆಯ ತಲೆಯ ಮೇಲೆ. ಸಂಶೋಧಕ ಜಗದೀಶ್ ಕೃಷ್ಣಸ್ವಾಮಿ ಮತ್ತು ಸಂಗಡಿಗರು ಮಳೆಗಾಲದಲ್ಲಿ ನದಿಯ ನೀರು ಹಿಡಿದು ಅಳೆದಾಗ, ಜಲಾನಯನದ ಚಿಕ್ಕ ಪಾಲಷ್ಟೇ ಆದ ಗಣಿ ಪ್ರದೇಶ ಹೂಳಿನಲ್ಲಿ ಬಹಳ ದೊಡ್ಡ ಪಾಲು ಕೊಡುತ್ತಿರುವುದು ಕಂಡಿತ್ತು. ನಿವೃತ್ತ ಅರಣ್ಯಾಧಿಕಾರಿ ಕೆ.ಎಂ.ಚಿಣ್ಣಪ್ಪ ಅವರ ಹೆಸರಿನಲ್ಲಿ ದಾಖಲಾದ ಅರ್ಜಿಯ ಮೇಲೆ 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 2005ರ ಕೊನೆಗೆ ಗಣಿ ನಿಂತಿತು.

ಗಣಿ ನಿಂತ ಮಾತ್ರಕ್ಕೆ ಕಟ್ಟೆಯ ಕೆಲಸ ನಿಲ್ಲುವುದಿಲ್ಲ. ಬ್ರೆಜಿಲ್‌ನ ಬ್ರುಮಾಡಿನ್ಯೊದಲ್ಲಿ 2019ರ ಜನವರಿ 25ರಂದು ಒಡೆದು 270 ಜನರನ್ನು ಕೊಂದ ಅದಿರು ಕೆಸರಿನ ಕಟ್ಟೆ ಕೆಲವು ವರ್ಷಗಳಿಂದ ಬಳಕೆಯಲ್ಲೇ ಇರಲಿಲ್ಲ. ಭದ್ರವಾಗಿದೆ ಎಂಬ ಪ್ರಮಾಣಪತ್ರವೂ ಅದಕ್ಕಿತ್ತು. ಅದರ ಕಟ್ಟಣೆಯ ವಿಧಾನ ಬೇರೆ, ಲಕ್ಯಾದ್ದು ಬೇರೆ. ಭಯ ಹುಟ್ಟಿಸಲು ಈ ಹೆಸರು ಎತ್ತುತ್ತಿಲ್ಲ. ಮುಚ್ಚಿದ ಗಣಿಯ ಕಟ್ಟೆಯೂ ಜೀವಂತ ಕಟ್ಟೆಯೇ, ಅದರೊಳಗಿನ ನೀರಿನ ಮಟ್ಟವನ್ನು ಮಳೆಗಾಲವಿಡೀ ಅಳೆಯುತ್ತಿರಬೇಕು ಎಂಬುದಷ್ಟೇ ನನ್ನ ಮಾತು. ಆ ಅಳತೆಯ ಅಂಕಿಗಳು ಕಳಸ, ಬಾಳೆಹೊನ್ನೂರಿನ ಜನಕ್ಕೂ ಸಿಗಬೇಕು. ಕೆಳಗೆ ಇರುವವರು ಅವರು.

ಕುದುರೆಮುಖದ ಬಾಕಿ ಇನ್ನೂ ತೀರಿಲ್ಲ ಎಂಬುದು 2024ರಲ್ಲಿ ಮತ್ತೆ ಸುದ್ದಿಯಾಯಿತು. ಕುದುರೆಮುಖದಲ್ಲಿ ಗಣಿ ನಡೆಸಿದ್ದ ಸರ್ಕಾರಿ ಕಂಪನಿಗೇ ಸಂಡೂರಿನ ದೇವದಾರಿ ಗುಡ್ಡದಲ್ಲಿ ಸುಮಾರು 400 ಹೆಕ್ಟೇರ್ ಅರಣ್ಯ ಕೊಡುವ ಪ್ರಸ್ತಾವ ಮುಂದೆ ಬಂದಾಗ, ಕುದುರೆಮುಖದ ಉಲ್ಲಂಘನೆಗಳಿಗಾಗಿ ಕಟ್ಟಬೇಕಾದ 1,300 ಕೋಟಿ ರೂಪಾಯಿಗೂ ಮೀರಿದ ಮೊತ್ತ ಬಾಕಿಯಿದೆ ಎಂದು ರಾಜ್ಯ ಅರಣ್ಯ ಇಲಾಖೆ ತಕರಾರು ತೆಗೆಯಿತು; ಅರಣ್ಯ ಭೂಮಿ ಹಸ್ತಾಂತರಿಸದಂತೆ ಸಚಿವ ಈಶ್ವರ ಖಂಡ್ರೆ ಸೂಚಿಸಿದರು. ಕಂಪನಿಗೂ ತನ್ನ ವಾದವಿದೆ. ಆದರೆ ಹಳೆಯ ಗಣಿಯ ಲೆಕ್ಕ ಮುಗಿಸದೆ ಹೊಸ ಗಣಿ ಇಲ್ಲ ಎಂಬ ತತ್ವ ನನಗೆ ಸಂಪೂರ್ಣ ಒಪ್ಪಿಗೆ. ಇದು ಸರ್ಕಾರಿ ಕಂಪನಿಯೊಂದಕ್ಕೆ ಮಾತ್ರ ಅನ್ವಯವಾಗಿ, ಖಾಸಗಿಯವರ ವಿಷಯದಲ್ಲಿ ಮರೆತುಹೋಗಬಾರದು.

ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಹೆಸರು ಇವುಗಳಷ್ಟು ಕೇಳಿಬರುವುದಿಲ್ಲ. ಅಲ್ಲಿಗೆ ಹತ್ತಿರದಲ್ಲೇ ಕೈಬಿಟ್ಟ ಮಂಗಳೂರು ಚಿನ್ನದ ಗಣಿ ಇದೆ; ಇದು ಕರಾವಳಿಯ ಮಂಗಳೂರಲ್ಲ. ಆ ಶಿಲಾಪಟ್ಟಿಯಲ್ಲಿ ಚಿನ್ನದ ಜತೆಗೇ ಆರ್ಸೆನಿಕ್ ಇರುತ್ತದೆ. ತಾಂಡಾದ ಜನರ ಅಂಗೈ, ಅಂಗಾಲು, ಎದೆಯ ಚರ್ಮದ ಮೇಲೆ ಗಂಟು, ಕಲೆಗಳು ಕಂಡವು. ಕೆಲವರಿಗೆ ಕ್ಯಾನ್ಸರಿಗೂ ತಿರುಗಿತು. ದೀಪಂಕರ ಚಕ್ರವರ್ತಿ ಅವರ ತಂಡ 2013ರಲ್ಲಿ ಪ್ರಕಟಿಸಿದ ಅಧ್ಯಯನ ಕೊಳವೆಬಾವಿಗಳ ನೀರಿನಲ್ಲಿ ಆರ್ಸೆನಿಕ್ ಇರುವುದನ್ನು ದಾಖಲಿಸಿತು. ಗಣಿಯಿಂದ ಎಷ್ಟು, ಬಂಡೆಯಿಂದಲೇ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಚಿನ್ನದ ಗಣಿ ಬಿಟ್ಟುಹೋದ ಜಾಗದಲ್ಲಿ ಮೊದಲ ದಿನದಿಂದ ಬಾವಿ ನೀರು ಪರೀಕ್ಷಿಸಿದ್ದರೆ ಲಂಬಾಣಿ ತಾಂಡಾದವರು ವರ್ಷಗಟ್ಟಲೆ ಅದನ್ನೇ ಕುಡಿಯಬೇಕಾಗಿರಲಿಲ್ಲ ಎಂಬುದು ಮಾತ್ರ ಖಚಿತ. ಮುಚ್ಚಿದ ಗಣಿಯ ಸುತ್ತಲಿನ ನೀರು ಪರೀಕ್ಷೆ ಯಾವ ಕಚೇರಿಯ ಕೆಲಸ? ಗಣಿ ನಡೆಯುತ್ತಿದ್ದರೆ ಕಂಪನಿಯದು. ಮುಚ್ಚಿದ ಮೇಲೆ ಯಾರದೂ ಅಲ್ಲ.

ದೊಡ್ಡ ಗಣಿಗಳಿಗೆ ಇಷ್ಟಾದರೂ ನಿಯಮವಿದೆ, ನ್ಯಾಯಾಲಯವಿದೆ. ಕಲ್ಲು ಕ್ವಾರಿಗಳ ಸ್ಥಿತಿ ಇನ್ನೂ ಕಷ್ಟ. ಉಪಖನಿಜಗಳೆಲ್ಲ ರಾಜ್ಯದ ಕೈಯಲ್ಲಿವೆ. 2015ರ ಫೆಬ್ರುವರಿಯಲ್ಲಿ ಇನ್ನೂ 31 ಖನಿಜಗಳನ್ನು ಉಪಖನಿಜವೆಂದು ಘೋಷಿಸಿದ್ದರಿಂದ ಆ ಹೊರೆ ಹೆಚ್ಚಿತು. ಐದು ಹೆಕ್ಟೇರಿಗಿಂತ ಚಿಕ್ಕ ಕ್ವಾರಿಗೂ ಪರಿಸರ ಅನುಮತಿ ಬೇಕೆಂದು 2012ರಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅನುಮತಿ ಪತ್ರದ ಷರತ್ತುಗಳಲ್ಲಿ ಬೇಲಿ, ಗಿಡ, ಗುಂಡಿ ಮುಚ್ಚುವುದು ಎಲ್ಲವೂ ಇರುತ್ತದೆ. ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರ, ರಾಮನಗರದ ಸುತ್ತ ಜಲ್ಲಿ ತೆಗೆದು ಬಿಟ್ಟುಹೋದ ಕ್ವಾರಿಗಳು ನೇರ ಗೋಡೆಯಂತೆ ಇಳಿಯುತ್ತವೆ, ಮಳೆ ನೀರು ತುಂಬಿಕೊಳ್ಳುತ್ತವೆ. ಹತ್ತಲು ಕಾಲಿಡುವಷ್ಟು ಜಾಗವಿರುವುದಿಲ್ಲ. ಈಜಲು ಇಳಿದ ಹುಡುಗರು ಮುಳುಗಿದ ಸುದ್ದಿ ಬೇಸಿಗೆ ರಜೆ ಬಂತೆಂದರೆ ಸಾಲಾಗಿ ಬರುತ್ತದೆ.

ಈ ಗುಂಡಿಗಳಿಗೆ ಬೆಂಗಳೂರು ಬೇರೆಯದೇ ಉಪಯೋಗ ಕಂಡುಕೊಂಡಿತು. ಮಂಡೂರಿನ ಜನ ಹೋರಾಡಿ 2014ರಲ್ಲಿ ತಮ್ಮೂರಿಗೆ ಬರುತ್ತಿದ್ದ ಕಸ ನಿಲ್ಲಿಸಿದರು. ಬೆಂಗಳೂರಿನ ಕಸ ಬೆಳ್ಳಹಳ್ಳಿಯ ಕ್ವಾರಿಗೆ, ನಂತರ ಮಿಟ್ಟಗಾನಹಳ್ಳಿಯ ಕ್ವಾರಿಗೆ ಹೋಯಿತು. ಗುಂಡಿ ಮುಚ್ಚಿದಂತೆಯೂ ಆಯಿತು, ಕಸಕ್ಕೆ ಜಾಗ ಸಿಕ್ಕಂತೆಯೂ ಆಯಿತು ಎಂದು ಕಚೇರಿಯಲ್ಲಿ ಕೂತವರಿಗೆ ಅನಿಸಬಹುದು. ಕ್ವಾರಿಯ ತಳ ನೋಡಿದವರಿಗೆ ಹಾಗೆ ಅನಿಸಲಾರದು. ಗ್ರಾನೈಟ್ ಗಟ್ಟಿ ಕಲ್ಲು ನಿಜ, ಆದರೆ ನಮ್ಮ ಬಯಲುಸೀಮೆಯ ಕೊಳವೆಬಾವಿಗಳಿಗೆ ನೀರು ಬರುವುದು ಆ ಕಲ್ಲಿನ ಬಿರುಕುಗಳಿಂದಲೇ. ಸಿಡಿಮದ್ದಿಟ್ಟ ಕ್ವಾರಿಯಲ್ಲಿ ಬಿರುಕುಗಳು ಇನ್ನೂ ಹೆಚ್ಚು. ಕೊಳೆತ ಕಸದ ಕಪ್ಪು ರಸ ತಳ ಸೇರಿ ಬಿರುಕು ಹಿಡಿದರೆ ಯಾವ ಊರಿನ ಬಾವಿಯಲ್ಲಿ ಏಳುತ್ತದೆ ಎಂದು ಹೇಳಲಾಗದು. 2016ರ ಘನತ್ಯಾಜ್ಯ ನಿಯಮಗಳು ಭೂಭರ್ತಿಗೆ ತಳಹಾಸು, ರಸ ಹಿಡಿಯುವ ಕೊಳವೆ, ಸುತ್ತಲೂ ಪರೀಕ್ಷೆಯ ಬಾವಿ ಬೇಕೆಂದವು. ಕ್ವಾರಿಗೆ ಕಸ ಹಾಕುವುದನ್ನು ಗಣಿ ಪುನಶ್ಚೇತನವೆಂದು ಯಾವ ದಾಖಲೆಯಲ್ಲೂ ಬರೆಯಬಾರದು. ಅದು ಒಂದು ಗಾಯಕ್ಕೆ ಇನ್ನೊಂದನ್ನು ತುರುಕಿದ್ದು.

2020ರ ಜನವರಿ 8ರಂದು ಸುಪ್ರೀಂ ಕೋರ್ಟ್ ಇನ್ನೊಂದು ಆದೇಶ ಕೊಟ್ಟಿತು: ಗಣಿ ಮುಗಿದ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಬೇಕು, ದನಕರುಗಳಿಗೆ ಮೇವಾಗುವಂತೆ, ಗಿಡಮರ ಪ್ರಾಣಿಗಳಿಗೆ ಆಸರೆಯಾಗುವಂತೆ ನೆಲವನ್ನು ಹದಕ್ಕೆ ತರಬೇಕು, ಇದನ್ನು ಗುತ್ತಿಗೆಯ ಷರತ್ತಾಗಿ ಸೇರಿಸಬೇಕು. ಪರಿಸರ ಸಚಿವಾಲಯ ಕೂಡಲೇ ಸುತ್ತೋಲೆ ಹೊರಡಿಸಿತು. ಗುಡ್ಡದ ಹುಲ್ಲು ನಂಬಿ ಕುರಿ ಕಾಯುವ ಸಂಡೂರಿನ ಸುತ್ತಲಿನ ಕುರುಬರಿಗೆ ಇದಕ್ಕಿಂತ ಅರ್ಥವಾಗುವ ಆದೇಶ ಬೇರೆ ಇಲ್ಲ. ಹುಲ್ಲು ಬಂತೇ ಇಲ್ಲವೇ ಎಂದು ಪರೀಕ್ಷಿಸಲು ಉಪಗ್ರಹವೂ ಬೇಡ. ಕುರಿ ಮೇಯಿಸುವವರನ್ನು ಕರೆದುಕೊಂಡು ಹೋಗಿ ಕೇಳಿದರೆ ಸಾಕು. ಅಂತಹ ಸಾಕ್ಷ್ಯಕ್ಕೆ ಪ್ರಮಾಣಪತ್ರದಲ್ಲಿ ಒಂದು ಕಲಂ ಇಡಬೇಕೆಂದು ನಾನು ಗಂಭೀರವಾಗಿಯೇ ಹೇಳುತ್ತೇನೆ.

ಈಗ ಮುಂದಿರುವ ಒಂದು ದಿನಾಂಕದ ಬಗ್ಗೆ ಯಾರೂ ಮಾತಾಡುತ್ತಿಲ್ಲ. 2015ರ ಗಣಿ ಕಾಯ್ದೆ ತಿದ್ದುಪಡಿಯ ಪ್ರಕಾರ ಸ್ವಂತ ಕಾರ್ಖಾನೆಗೆಂದು ಅದಿರು ತೆಗೆಯುತ್ತಿರುವ ದೇಶದ ಹಳೆಯ ಖಾಸಗಿ ಗುತ್ತಿಗೆಗಳಲ್ಲಿ ಬಹಳಷ್ಟು 2030ರ ಮಾರ್ಚ್ 31ಕ್ಕೆ ಮುಗಿಯುತ್ತವೆ. ಅವು ಮತ್ತೆ ಹರಾಜಿಗೆ ಬರುತ್ತವೆ, ಹೊಸಬರು ಬರುತ್ತಾರೆ, ಹಳೆಯ ದಿಬ್ಬಗಳು ಗುಂಡಿಗಳು ಕೈಬದಲಾಗುತ್ತವೆ. ನಾನು ಸುರಿದದ್ದಲ್ಲ ಎಂದು ಹೊಸಬರು, ನನ್ನ ಗುತ್ತಿಗೆ ಮುಗಿದಿದೆ ಎಂದು ಹಳಬರು ಹೇಳಲು ಅವಕಾಶವಿರಬಾರದು. ಬಳ್ಳಾರಿಯಲ್ಲಿ ಮಾಡಿದಂತೆ ಪ್ರತಿ ದಿಬ್ಬವನ್ನೂ ಅಳೆದು, ಅದನ್ನು ಸ್ಥಿರಗೊಳಿಸಲು ನಿಜವಾಗಿ ತಗಲುವ ವೆಚ್ಚವನ್ನು ಲೆಕ್ಕಹಾಕಿ, ಆ ಮೊತ್ತವನ್ನು ಹಳೆಯ ಗುತ್ತಿಗೆದಾರರಿಂದ ಗುತ್ತಿಗೆ ಮುಗಿಯುವ ಮೊದಲೇ ವಸೂಲು ಮಾಡಬೇಕು. ಅಳತೆಗೆ ಒಂದು ಮಳೆಗಾಲ, ತಕರಾರು ವಿಚಾರಣೆಗೆ ಒಂದು ವರ್ಷ, ಕೆಲಸಕ್ಕೆ ಎರಡು ಬೇಸಿಗೆ ಬೇಕಾಗುತ್ತದೆ. ಮುಚ್ಚುವಿಕೆ ಯೋಜನೆಯ ಪ್ರತಿ ಕನ್ನಡದಲ್ಲಿ ಆಯಾ ಗ್ರಾಮ ಪಂಚಾಯಿತಿಯ ಕಚೇರಿಯಲ್ಲಿರಬೇಕು. ಠೇವಣಿ ಎಷ್ಟಿದೆ, ಅವಧಿ ಎಂದು ಮುಗಿಯುತ್ತದೆ ಎಂಬುದು ಅದರ ಮೊದಲ ಪುಟದಲ್ಲೇ ಇರಬೇಕು. ಹಿಂದಕ್ಕೆ ಎಣಿಸಿ ನೋಡಿದರೆ ಅಳತೆಯ ಕೆಲಸಕ್ಕೆ ಸರ್ವೆಯವರನ್ನು ಗುಡ್ಡಕ್ಕೆ ಕಳಿಸಲು ಉಳಿದಿರುವ ಸಮಯ ಬಹಳ ಕಡಿಮೆ.